ಹನ್ನೊಂದು ನಲವತ್ತೆರಡು

ರಾತ್ರಿ ಹನ್ನೊಂದು ನಲವತ್ತಕ್ಕೆ ಸರಕಿನ ವಿಮಾನ ಏಳುತ್ತದೆ.
ಹನ್ನೊಂದು ನಲವತ್ತೆರಡಕ್ಕೆ ನನ್ನ ಫೋನು.
"ಸೀಬ್ರಾಂಡ್ ಮಾತಾಡುತ್ತಿದ್ದೇನೆ," ಎನ್ನುತ್ತಾನೆ,
ಏಳು ವರ್ಷದಿಂದ ಕೇಳಿದ ಗಂಟಲು
ನನಗೆ ಗುರುತೇ ಇಲ್ಲವೆಂಬಂತೆ.
"ಬೀರುವಿನ ಕಪ್ಪುಬಸಿಗಳು ಹಲ್ಲು ಕಡಿಯುತ್ತಿವೆ. ಬರೆದುಕೋ."

ಬರೆದುಕೊಳ್ಳುತ್ತೇನೆ. ಅದೇ ನನ್ನ ಕೆಲಸ:
ವಿಮಾನ ನಿಲ್ದಾಣದ ನೆರೆಹೊರೆ ವಿಭಾಗ,
ಎರಡನೇ ಮಹಡಿ, ಕಳೆದ ಸಾಮಾನಿನ ಕೋಣೆಯ ಪಕ್ಕ.
ಅಲ್ಲಿ ಹೋದವರಿಗೆ ಒಂದೊಂದು ಸಲ ಸಿಗುವುದುಂಟು.
ನನ್ನ ಬಳಿ ಬರುವವರು ಕಳೆದುಕೊಂಡದ್ದು ನಿದ್ದೆ,
ಅದಕ್ಕೆ ಯಾವ ಚೀಟಿ ಅಂಟಿಸಲಿ?

ಇಲ್ಲಿ ನೆಲವೆಂದರೆ ಬತ್ತಿಸಿದ ನೀರಿನ ತಳ.
ಮೀನು ಈಜುತ್ತಿದ್ದಲ್ಲಿ ಈಗ ಚಕ್ರ ಇಳಿಯುತ್ತವೆ.
ಪೋಲ್ಡರ್ ಪೂರ್ತಿ ರೊಟ್ಟಿ ಹಂಚಿನ ಹಾಗೆ ಸಪಾಟು,
ಗುಡ್ಡವಿಲ್ಲ, ದಿಬ್ಬವಿಲ್ಲ,
ಎದ್ದ ಸದ್ದು ನೆಲ ಹಿಡಿದು ಹೊರಟರೆ
ಸೀದಾ ಸೀಬ್ರಾಂಡನ ಹೊಸ್ತಿಲು.

ನಾವೂ ಏನೇನೋ ಕಳಿಸಿದೆವು.
ಎರಡು ಪದರದ ಗಾಜಿನ ಕಿಟಕಿ.
(ತೆರೆದರೆ ತಾನೇ ಗಾಳಿ, ಎಂದ.)
ಊರ ಶಾಲೆಗೆ ಹಿತ್ತಾಳೆ ವಾದ್ಯಗಳು.
(ಕೊರತೆಯಿತ್ತು ನೋಡು ಸದ್ದಿಗೆ.)
ಹೊಸ ವರ್ಷಕ್ಕೆ ಕ್ಯಾಲೆಂಡರು, ಹನ್ನೆರಡು ತಿಂಗಳೂ ವಿಮಾನ.
ಅದನ್ನು ಹಂದಿ ಕೊಟ್ಟಿಗೆಯಲ್ಲಿ ತೂಗುಹಾಕಿದನಂತೆ,
ಅವೂ ನೋಡಲಿ, ಯಾರಿಂದ ಎಚ್ಚರವಾಯಿತೆಂದು.

ಆ ಆಗಸ್ಟಿನಲ್ಲಿ ಒಂದು ಕಾಗದ, ನನ್ನದೇ ಸಹಿ:
ಗೋಧಿ ಕುಯ್ದ ಕೂಡಲೇ ಹೊಲ ಉತ್ತುಬಿಡಿ,
ಉದುರಿದ ಕಾಳಿಗೆ ಹೆಬ್ಬಾತುಗಳು ಇಳಿಯುತ್ತವೆ,
ಹೆಬ್ಬಾತು ಎಂಜಿನ್ನಿಗೆ ಸಿಕ್ಕರೆ...
ಮುಂದಿನದನ್ನು ಬರೆಯಲು ಕೈ ಬರಲಿಲ್ಲ.

ಮುಂದಿನ ವಾರ, ಹನ್ನೊಂದು ನಲವತ್ತೆರಡು. ಫೋನಿಲ್ಲ.
ಮರುದಿನವೂ ಇಲ್ಲ.
ಮೂರನೆಯ ರಾತ್ರಿ ರಿಸೀವರ್ ಎತ್ತಿ
ಲೈನು ಸತ್ತಿಲ್ಲವೆಂದು ನೋಡಿಕೊಂಡೆ.
ಆಮೇಲೆ ನೆನಪಾಯಿತು, ಅವನಿಗೆ ಎಪ್ಪತ್ತೊಂಬತ್ತು.

ಬೆಳಿಗ್ಗೆ ಸೈಕಲ್ಲು ತುಳಿದೆ, ಕಾಲುವೆಯುದ್ದಕ್ಕೂ ಎದುರುಗಾಳಿ.
ಅಂಗಳದಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದಾನೆ!
"ಓ, ದೂರಿನ ಹುಡುಗಿ. ಇಷ್ಟು ಗಿಡ್ಡಿ ಎಂದುಕೊಂಡಿರಲಿಲ್ಲ."
ಹೆಂಡತಿ ಆಲ್ತ್ಯ ಕಾಫಿ ತಂದಳು,
ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದಳು.
ಅವನು ಗಲ್ಲ ಎತ್ತಿ ಹೊಲ ತೋರಿಸಿದ.
ಉತ್ತ ಜೇಡಿ, ಕಪ್ಪಗೆ, ಹಸಿಹಸಿ,
ಒಂದರ ಬೆನ್ನಿಗೊಂದು ಸಾಲು.
"ಸದ್ದು ಅಲ್ಲಿ ಎಡವುತ್ತಿದೆ. ನಾಲ್ಕು ರಾತ್ರಿಯಿಂದ ಕಾದೆ.
ಏನೆಂದು ಫೋನು ಮಾಡಲಿ?"

ಹೇಳಿದ್ದನ್ನೇ ವರದಿಯಲ್ಲಿ ಬರೆದೆ. ಮೇಲಿನವರು ನಕ್ಕರು,
ಆಮೇಲೆ ಎಂಜಿನಿಯರುಗಳನ್ನು ಕಳಿಸಿದರು.
ಬೂಟಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಮೈಕು ನೆಟ್ಟರು,
ಸಾಲು ಎಷ್ಟು ಆಳ, ಯಾವ ಓರೆ, ಕೇಳಿದರು.
ಅವನು ಗೇಣಿನಲ್ಲಿ ಹೇಳಿದ, ಅವರು ಸೆಂಟಿಮೀಟರಿನಲ್ಲಿ ಬರೆದುಕೊಂಡರು.

ಎರಡು ವರ್ಷಕ್ಕೆ ರನ್‌ವೇ ಅಂಚಿನಲ್ಲಿ
ಆಳೆತ್ತರದ ಮಣ್ಣಿನ ಏರಿಗಳು,
ದೈತ್ಯನೊಬ್ಬ ಉತ್ತು ಊಟಕ್ಕೆ ಹೋದ ಹಾಗೆ.
ಮಕ್ಕಳು ಸೈಕಲ್ಲಿನಲ್ಲಿ ಜಾರಿದರು, ರಿಬ್ಬನ್ನು ಕತ್ತರಿಸಲಾಯಿತು.
ನಿರ್ದೇಶಕರು ನಲವತ್ತು ನಿಮಿಷ ಸಹಭಾಗಿತ್ವ ಎಂದರು.
ಮೂರು ವಿಮಾನ ಹಾರಿದರೂ ಒಂದೊಂದು ಪದವೂ ಕೇಳಿಸಿತು.
"ಅದೊಂದೇ ನಷ್ಟ," ಎಂದಳು ಆಲ್ತ್ಯ.

ನಿನ್ನೆ ರಾತ್ರಿ ಫೋನು. ಗಡಿಯಾರ ನೋಡಬೇಕಾಗಲಿಲ್ಲ.
"ನಿಮ್ಮ ಏರಿಯ ಸಂದಿಗೆ ಹೆಬ್ಬಾತು ಸಂಸಾರ ಬಂದಿದೆ.
ಇರುಳೆಲ್ಲ ಜಗಳ. ಬರೆದುಕೋ."
ಫಾರಂ ಒಂದೇ ನಮ್ಮಲ್ಲಿ, ತುಂಬಿದೆ.
ವಿಮಾನದ ಬಗೆ: ಹೆಬ್ಬಾತು. ಎತ್ತರ: ನೆಲ.
ಹಕ್ಕಿ ವಿಭಾಗಕ್ಕೆ ಈಗಲೇ ಹೇಳಬೇಕು, ಹೇಳುತ್ತೇನೆ.
ಅದಕ್ಕೆ ಮೊದಲು ಕೇಳಿದೆ, ಕಪ್ಪುಬಸಿಗಳು ಹೇಗಿವೆ?

ಕುರ್ಚಿ ಸರಿದ ಸದ್ದು. ಚಪ್ಪಲಿ. ಬೀರುವಿನ ಬಾಗಿಲು.
ಫೋನನ್ನು ಒಳಗೆ ಹಿಡಿದನೆಂದು ಕಾಣುತ್ತದೆ.
ಇಬ್ಬರೂ ಸ್ವಲ್ಪ ಹೊತ್ತು ಕೇಳಿಸಿಕೊಂಡೆವು.