ತುಂಬು ಹೊಟ್ಟೆ

ಅರ್ವೈಖೇರಿನ ಕ್ರೀಡಾ ಕಚೇರಿ, ಜುಲೈ, ತೆರೆದ ಕಿಟಕಿ.
ಓಟದ ಬಯಲಿನ ಧೂಳೆಲ್ಲ ಕೀಬೋರ್ಡಿನ ಮೇಲೆ.
ಸಂಜೆಯೊಳಗೆ ಫಲಿತಾಂಶವನ್ನು
ಪುಟಕ್ಕೇರಿಸಬೇಕು ಅರ್ಯೂನ್‌ಜುಲ್.

ಎರಡು ವರ್ಷದ ಮರಿಗಳ ಓಟ. ಎಂಬತ್ತೆಂಟು ಮರಿ.
ಒಂದೊಂದಕ್ಕೂ ಒಂದು ಸಾಲು, ಸಾಲಿಗೆ ನಾಲ್ಕು ಮನೆ:
ಹೆಸರು, ಬಣ್ಣ, ಒಡೆಯ, ಬಂದು ಮುಟ್ಟಿದ ಹೊತ್ತು.
ಹೆಸರಿನ ಮನೆಯಲ್ಲಿ ಯಾರೂ ಇಲ್ಲ.
ಎಂಬತ್ತೆಂಟೂ ಖಾಲಿ.

ಫೋನು ಮಾಡಿದಳು ದಶ್ನ್ಯಾಮ್ ಮುದುಕನಿಗೆ,
ನಲವತ್ತು ಬೇಸಗೆ ಕುದುರೆ ಪಳಗಿಸಿದವನಿಗೆ.
'ಹೆಸರೇಕೆ ಮಗಳೆ, ಕಣ್ಣಿಲ್ಲವೆ?
ಹಣೆಗೆ ಚುಕ್ಕಿಯಿಟ್ಟ ಕಂದು.
ಹೊಗೆ ಕುಡಿದ ಬಿಳಿ.
ಬಾಲದ ಹತ್ತಿರ ಬರುವಾಗ
ಮನಸ್ಸು ಬದಲಿಸಿದ ಕೆಂಚ.
ಇನ್ನೇನು ಬೇಕು?'

ಹೆಸರಿನ ಮನೆಯನ್ನು ಕೆಡವಿದಳು.
ಬಣ್ಣದ ಮನೆಯನ್ನು ಅಗಲ ಮಾಡಿದಳು.
ಆಮೇಲೆ ಲೂಪ್ ಬರೆದಳು.

ಹುಲ್ಲುಗಾವಲಿನಲ್ಲಿ ಅದನ್ನು ಊರ್ಗ ಎನ್ನುತ್ತಾರೆ:
ಮೂರಾಳುದ್ದದ ಕೋಲು, ತುದಿಗೊಂದು ಹಗ್ಗದ ಕುಣಿಕೆ.
ಹಿಂಡಿಗೆ ನುಗ್ಗಿ ಒಂದನ್ನೇ ಹಿಡಿಯಬೇಕು,
ನೋಡಬೇಕು, ಬಿಡಬೇಕು, ಮತ್ತೊಂದು.
ಪರದೆಯ ಕುಣಿಕೆಗೂ ಅದೇ ಕಸುಬು:
ಹಿಡಿ, ಬಣ್ಣ ಕೇಳು, ಒಡೆಯನ್ಯಾರು ಕೇಳು,
ಪುಟದ ಮೇಲೆ ನಿಲ್ಲಿಸು, ಬಿಡು.
ಇಲ್ಲಿ ಕುದುರೆ ಒದೆಯುವುದಿಲ್ಲ,
ಬೆವರು ನಾರುವುದಿಲ್ಲ.
ವ್ಯತ್ಯಾಸ ಅಷ್ಟೇ. ಸಣ್ಣದೇನಲ್ಲ.

ಮೊದಲು ಬಂದ ಐದಕ್ಕೆ ಹೊನ್ನಿನ ಅಂಚು,
ಬೆನ್ನ ಮೇಲೆ ಆಯ್ರಗ್ ಸುರಿಸಿಕೊಂಡ ಐದಕ್ಕೆ.
ಒಂದೇ ಷರತ್ತು, ಒಂದೇ ಸಾಲು.
ಗುಂಡಿ ಒತ್ತಿದಳು. ಪುಟ ತುಂಬಿತು
ಕಂದು, ಬೂದು, ಕೆಂಚು, ಹಾಲಿನ ಕೆನೆ,
ಗಾಳಿ ಬೀಸಿದ ಹುಲ್ಲಿನ ಹಾಗೆ ಉದ್ದಕ್ಕೆ.

ಚಹಾ ಆರುವ ಮುನ್ನವೇ ಮುದುಕನ ಫೋನು.
'ಒಂದು ಕಮ್ಮಿ.'
'ಎಣಿಸಿದಿರಾ ಅಜ್ಜ, ಮೊಮ್ಮಗನ ಫೋನಿನಲ್ಲಿ, ಅಷ್ಟನ್ನೂ?'
'ಎಣಿಸುವುದೇನು ಬಂತು. ಹೊಟ್ಟೆ ಎಲ್ಲಿ?'

ಆ ನಾಡಿನಲ್ಲಿ, ಕಟ್ಟಕಡೆಗೆ ಬಂದ ಎರಡು ವರ್ಷದ ಮರಿಯನ್ನು
ನಿಲ್ಲಿಸಿಕೊಂಡು ಹಾಡಿ ಹರಸುತ್ತಾರೆ.
ಬಯನ್ ಹೊದೋದ್, ತುಂಬು ಹೊಟ್ಟೆಯವನೆ,
ತಪ್ಪು ನಿನ್ನದಲ್ಲ,
ಲಗಾಮು ಬಿಗಿಯಿತ್ತು, ಸವಾರ ಎಳೆಯ, ದಾರಿಯಲ್ಲಿ ಕಲ್ಲು,
ಬರುವ ವರ್ಷ ನೀನೇ ಮುಂದೆ.
ಆರನೆಯದಕ್ಕೆ ಹಾಡಿಲ್ಲ. ಎಂಬತ್ತೇಳನೆಯದಕ್ಕೂ ಇಲ್ಲ.

ಅವಳು ತನ್ನ ಸಾಲುಗಳಿಗೆ ಮರಳಿದಳು.

ಭತ್ತ ಅಳೆಯುವ ಕೈ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತದೆ.
ಯಂತ್ರವೂ ಒಂದು ಎನ್ನುವುದಿಲ್ಲ; ಸೊನ್ನೆ ಎನ್ನುತ್ತದೆ.
ಸೊನ್ನೆಯಿಂದ ಹೊರಟರೆ ಕಡೆಯ ಮರಿಯ ಬೆನ್ನಿಗೆ
ಎಂಬತ್ತೇಳರ ಚೀಟಿ.
ಎಂಬತ್ತೇಳಕ್ಕಿಂತ ಕಡಿಮೆ ಇರುವ ತನಕ ಓಡು
ಎಂದು ಬರೆದಿದ್ದಳು, ಅಭ್ಯಾಸಬಲ, ಒಂದನ್ನು ಕಳೆದು.
ಎಂಬತ್ತೇಳು, ಎಂಬತ್ತೇಳಕ್ಕಿಂತ ಕಡಿಮೆಯಲ್ಲ.
ಹೇಳಿದ್ದನ್ನಷ್ಟೇ ಮಾಡುವ ಕುಣಿಕೆ
ಮರಿಯ ಮುಖದೆದುರೇ ಕೋಲು ಮಡಿಸಿತ್ತು.

ಕಳೆಯುವ ಗೆರೆಯನ್ನು ಅಳಿಸಿದಳು, ಅದರ ಪಕ್ಕದ ಒಂದನ್ನೂ.
ಇನ್ನೊಂದು ಷರತ್ತು ಸೇರಿಸಿದಳು:
ಇದರ ಹಿಂದೆ ಯಾರೂ ಇಲ್ಲವೆ?
ಹಾಗಿದ್ದರೆ ಇದಕ್ಕೂ ಹೊನ್ನಿನ ಅಂಚು.

ಬಂತು ಮರಿ, ಪುಟದ ತಳಕ್ಕೆ, ತಡವಾಗಿ, ಎರಡನೆಯ ಸಲ.
ಬಣ್ಣ: ಒದ್ದೆ ಮರಳು.
ಒಡೆಯ: ತ್ಸೆವೇನ್, ಬಾವಿಯಾಚೆಯವನು.
ಹೊತ್ತು: ಖಾಲಿ.
ಗಡಿಯಾರದವರು ಅಷ್ಟರಲ್ಲಿ ಊಟಕ್ಕೆ ಎದ್ದಿದ್ದರು.

'ಎಷ್ಟಕ್ಕೆ ಬಂತು ಅಜ್ಜ?'
ಆ ಕಡೆ ತುಸು ಹೊತ್ತು ಗಾಳಿ ಮಾತ್ರ.
'ನಾನು ನೋಡುತ್ತಿದ್ದೆ. ಧೂಳು ಇಳಿದ ಮೇಲೆ.'

ಹಾಗೆಯೇ ಬರೆದಳು, ನಿಮಿಷ ಸೆಕೆಂಡುಗಳ ಮನೆಯಲ್ಲಿ:
ಧೂಳು ಇಳಿದ ಮೇಲೆ.
ಸಾಲು ಅಸ್ತವ್ಯಸ್ತವಾದೀತೆಂದು ಉಸಿರು ಹಿಡಿದಳು.
ಯಂತ್ರದ ಲೆಕ್ಕದಲ್ಲಿ ಅಂಕಿಗಳೆಲ್ಲ ಮುಗಿದ ಮೇಲೆ ಅಕ್ಷರ.
ಮರಿ ಕದಲಲಿಲ್ಲ.