ಹನ್ನೊಂದನೆಯದು

ಕಾವೆಂಟ್ರಿ, ನವೆಂಬರ್. ಗಾಜಿನ ಸೂರಿನ ಮೇಲೆ ಮಸಿ.
ಒಂದೇ ದಂಡಕ್ಕೆ ಸಾಲಾಗಿ ಹನ್ನೆರಡು ಮ್ಯಾಗ್ನೆಟೊ,
ಚರ್ಮದ ಪಟ್ಟಿ ಮೊನ್ನೆಯಿಂದ ತಿರುಗಿಸುತ್ತಲೇ ಇದೆ.
ಎಂಜಿನ್ ಇಲ್ಲ, ಚಕ್ರ ಇಲ್ಲ, ದಾರಿ ಇಲ್ಲ;
ಇದ್ದಲ್ಲೇ ಲಂಡನ್ನಿಗೆ ಏಳು ಸಲ ಹೋಗಿ ಬಂದು
ಎಂಟನೆಯದಕ್ಕೆ ಹೊರಟಿವೆ.

ಕೆಜಾಯಾ ಡ್ರಿಂಗ್ ದೀಪ ಚಿಕ್ಕದು ಮಾಡಿ ಕೂತಿದ್ದಾಳೆ.
ಕಿಡಿ ಕಾಣುವುದು ಕತ್ತಲಲ್ಲೇ.
ಎರಡು ಮೊನೆಗಳ ನಡುವೆ ಜೋಳದ ಕಾಳಿನಷ್ಟು ಬಯಲು,
ಅದನ್ನು ಹಾರಬೇಕು, ಸುತ್ತು ಸುತ್ತಿಗೂ, ನೀಲಿಯಾಗಿ.
ಕೆಂಪಗಾದರೆ ಬರೆದುಕೋ, ಎಂದಿದ್ದಾರೆ ಪಾರ್ಗೆಟರ್.

ಪಾರ್ಗೆಟರ್ ಮೊದಲು ಗಡಿಯಾರದವರು.
ಊರಿನ ಆ ಕಸುಬು ಕಣ್ಣು ಮುಚ್ಚಿದ ಮೇಲೆ
ಭೂತಗನ್ನಡಿಯೊಂದನ್ನೇ ಉಳಿಸಿಕೊಂಡು ಇಲ್ಲಿಗೆ ಬಂದರು.
"ಗಡಿಯಾರ ಹೇಳಿ ಕೆಡುತ್ತೆ ಮಗೂ,
ದಿನಕ್ಕೊಂದು ನಿಮಿಷ ಹಿಂದೆ ಬೀಳುತ್ತೆ.
ಇದು ಹೇಳದೆ ಹೋಗುತ್ತೆ.
ನಡುರಾತ್ರಿ, ಏರಿನಲ್ಲಿ,
ಹೆರಿಗೆಗೆ ಹೊರಟ ಡಾಕ್ಟರ ಕೈಯಲ್ಲಿ."

ಈ ದಂಡಕ್ಕೇರುವ ಮುನ್ನ ಒಲೆಯಲ್ಲಿ ಬೇಯಿಸಿದ್ದರು,
ಹಬೆಯಲ್ಲಿ ಒಂದು ರಾತ್ರಿ ಕೂರಿಸಿದ್ದರು,
ಹಲ್ಲು ಮುರಿದ ಚಕ್ರದ ಮೇಲೆ ಹಲಗೆಯಿಟ್ಟು
ಕಲ್ಲುದಾರಿ ಕುಣಿಸಿದಂತೆ ಕುಣಿಸಿದ್ದರು.
ಮನೆಗೆ ಬಂದ ಸೊಸೆಯನ್ನೂ ಯಾರೂ ಹೀಗೆ ನೋಡಿರಲಿಕ್ಕಿಲ್ಲ.
ನೂರಕ್ಕೆ ಒಂದನ್ನು ಆರಿಸಿ ತರುತ್ತಾರೆ.
ಗೆದ್ದರೂ ಅದು ಕಾರು ಸೇರುವುದಿಲ್ಲ, ಗುಜರಿ ಸೇರುತ್ತದೆ.
ಕಾರು ಸೇರುವುದು
ಏನನ್ನೂ ಕಾಣದ ತೊಂಬತ್ತೊಂಬತ್ತು.

ಅರವತ್ತೊಂದನೆಯ ಗಂಟೆ. ಹನ್ನೊಂದನೆಯದು
ಕೆಮ್ಮಿದಂತೆ ಒಮ್ಮೆ ಕೆಂಪಾಗಿ
ಸುಮ್ಮನಾಯಿತು.
ಪುಸ್ತಕದಲ್ಲಿ ಬರೆದಳು: ಬೆಳಗಿನ ಮೂರೂ ಹತ್ತು.
ಕಾರಣ: ಗೊತ್ತಿಲ್ಲ.
ಬೆಳಗಾದ ಮೇಲೆ ಪಾರ್ಗೆಟರ್ ಅದರ ಮೇಲೆ ಗೆರೆ ಎಳೆದರು.
"ಗೊತ್ತಿಲ್ಲ ಅನ್ನೋದು ಕಾರಣವಲ್ಲ. ಬಿಚ್ಚು."

ಬಿಚ್ಚಿದಳು. ರಿಬ್ಬನ್ ನೇಯ್ದ ಮನೆತನದ ಬೆರಳು,
ಎಳೆ ಹರಿಯಬಾರದು ಎಂಬುದೊಂದೇ ಗೊತ್ತು ಅವಕ್ಕೆ.
ಸುರುಳಿ ಎಂದರೆ ಅರಗಿನ ಮನೆ:
ರೇಷ್ಮೆ ಹಾಸಿ, ಪದರ ಪದರಕ್ಕೂ ಅರಗು ಬಳಿದು
ಮಿಂಚನ್ನು ಒಳಗೆ ಮಲಗಿಸಿ ಬಾಗಿಲು ಮುಚ್ಚಿದ್ದು.
ಒಳಗಿದ್ದವರು ಸುಮ್ಮನಿರುತ್ತಾರೆಯೇ?
ನೂಲಿಗಿಂತ ತೆಳುವಾದ ತಂತಿ, ಅರ್ಧ ಮೈಲಿ, ನೆಲದ ಮೇಲೆ ಗುಪ್ಪೆ.
ನಾಲ್ಕು ಸಾವಿರ ಚಿಲ್ಲರೆ ಸುತ್ತಿನ ಕೆಳಗೆ
ಸಿಕ್ಕಿತು ಸುರಂಗ:
ಅಡ್ಡ ಮಲಗಿದ ಒಂದು ಕೂದಲು.
ಅದರ ಗುಂಟ ಹಬೆ ನುಸುಳಿದೆ, ಹಬೆಯ ಗುಂಟ ಕಿಡಿ.
ಅರ್ಧ ಕರಕು. ಉಳಿದರ್ಧ ಕೆಂಚು.

ಸುತ್ತುವ ಮೇಜಿನಲ್ಲಿ ಕೆಂಚುಗೂದಲಿನವರು ಇಬ್ಬರೇ:
ಹೋದ ತಿಂಗಳವರೆಗೆ ಅವಳು,
ಅವಳೇ ಕೆಲಸ ಕಲಿಸಿದ ತಂಗಿ ಡಾರ್ಕಸ್.
ಭೂತಗನ್ನಡಿ ಕಣ್ಣಿಗೊತ್ತಿ ಪಾರ್ಗೆಟರ್ ಬಹಳ ಹೊತ್ತು ನೋಡಿದರು.
ಏನೂ ಕೇಳಲಿಲ್ಲ.
ಕೆಜಾಯಾ ಬರೆದಳು: ಕೂದಲು.
ಪೆನ್ನೆತ್ತಿ, ಮತ್ತೆ ಇಳಿಸಿ: ನನ್ನದು.

ಸೋಮವಾರ ಹುಡುಗಿಯರಿಗೆಲ್ಲ ಬಿಳಿ ಟೋಪಿ ಬಂತು,
ತಲೆಗೆ ಎರಡು ಪೆನ್ನಿ ಸಂಬಳದಲ್ಲಿ ಮುರಿದುಕೊಂಡು.
"ಯಾವಳದ್ದೋ ಕೂದಲಂತೆ" ಎಂದು ಬೈಯುತ್ತ
ಡಾರ್ಕಸ್ ಜಡೆಯನ್ನು ಒಳಗೆ ತುರುಕಿದಳು.
ಖಾಲಿ ಜಾಗಕ್ಕೆ ಹೊಸದೊಂದನ್ನು ಬಿಗಿದು
ಗಂಟೆಯನ್ನು ಸೊನ್ನೆಗೆ ತಿರುಗಿಸಿದಳು ಕೆಜಾಯಾ.
ಆ ನೂರರಲ್ಲಿ ಉಳಿದವು
ಶುಕ್ರವಾರವೇ ರೈಲು ಹತ್ತಿದ್ದವು.