ನೂರೈವತ್ತು ಪದಗಳಲ್ಲಿ

ನಮೂನೆ ‘ಎ’. ಒಂದೇ ವಿಷಯ.
ನೂರೈವತ್ತು ಪದ ಮೀರಬಾರದು ಎಂದರು
ಕೋರ್ಟಿನೆದುರು ಟೈಪು ಮಾಡುವ ಮಸ್ಕರೇನಸ್ ಮಾಮ.

ನನ್ನ ಮೊದಲ ಕರಡು ಒಂಬೈನೂರು ದಾಟಿತ್ತು.
ಅದರಲ್ಲಿ ಬೈತಖೋಲದ ಐಸ್ ಫ್ಯಾಕ್ಟರಿ ಇತ್ತು,
ನಸುಕಿನ ನಾಲ್ಕಕ್ಕೆ ಟ್ರಾಲರುಗಳ ಅವಸರ ಇತ್ತು,
ಮಂಜುಗಡ್ಡೆ ಅರೆಯುವ ಯಂತ್ರದ ಬಾಯಿಗೆ
ಮುಚ್ಚಳವಿರಲಿಲ್ಲ ಎಂಬುದು ಮೂರು ಸಲ ಇತ್ತು,
ಬಿಳಿ ಪುಡಿ ಕೆಂಪಾದದ್ದು,
ಆ ಒಂದು ಬುಟ್ಟಿ ಚೆಲ್ಲಿ
ಉಳಿದದ್ದನ್ನು ಬಂಗಡೆಯ ಮೇಲೆ ಸುರಿದದ್ದು.
ಮಾಮ ಕನ್ನಡಕದ ಮೇಲಿಂದ ನೋಡಿದರು:
‘ಶೆವಂತಿ, ಇದು ಕತೆ. ಅವರಿಗೆ ಪ್ರಶ್ನೆ ಬೇಕು.’

ಸರಿ, ಪ್ರಶ್ನೆ ಬರೆದೆ:
ಒಂಬತ್ತು ವರ್ಷ ಏಕೆ?
‘ಏಕೆ ಅನ್ನೋದು ಮಾಹಿತಿಯಲ್ಲ’ ಎಂದರು.
‘ಎಷ್ಟು ಅಂತ ಕೇಳು, ಯಾವಾಗ ಅಂತ ಕೇಳು,
ಯಾವ ಮೇಜಿನ ಮೇಲೆ ಎಷ್ಟು ದಿನ.
ಏಕೆ ಅಂದರೆ ಅರ್ಜಿಯೇ ವಾಪಸ್.’
ಹೊಡೆದು ಹಾಕಿದೆ.
ಎಡಗೈ ಎಳೆದ ಗೀಟು ಕಾಳಿ ನದಿಯ ಹಾಗೆ ಬಳುಕಿ
‘ಏಕೆ’ಯ ಪಕ್ಕದಿಂದ ಹರಿದು ಹೋಯಿತು.

ಕೈ ಕಾಲು ಬೆನ್ನು ಕಳೆದುಕೊಂಡವರ ಅರ್ಜಿ ಎಷ್ಟು,
ತೀರ್ಮಾನವಾದದ್ದು ಎಷ್ಟು,
ತೀರ್ಮಾನಕ್ಕೆ ಮೊದಲೇ
ಅರ್ಜಿದಾರರೇ ತೀರಿಕೊಂಡದ್ದು ಎಷ್ಟು,
ನನ್ನ ಕಡತದ ಟಿಪ್ಪಣಿ ಹಾಳೆಗಳ ನಕಲು.
ಎಣಿಸಿದರು. ನೂರನಲವತ್ತೊಂಬತ್ತು.
ಉಳಿದ ಒಂದಕ್ಕೆ ‘ದಯವಿಟ್ಟು’ ಹಾಕಲೇ ಎಂದೆ.
‘ಹಕ್ಕು ಕೇಳೋದಕ್ಕೆ ದಯೆ ಏಕೆ?’
‘ನೋಡಿ ಮಾಮ, ನೀವೂ ಏಕೆ ಅಂದಿರಿ.’
ಅವತ್ತು ಇಬ್ಬರೂ ನಕ್ಕೆವು.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು.
ಇಪ್ಪತ್ತೊಂಬತ್ತನೇ ದಿನ ಲಕೋಟೆ:
ತೊಂಬತ್ತಮೂರು ಪುಟ, ಪುಟಕ್ಕೆರಡು,
ಒಟ್ಟು ನೂರ ಎಂಬತ್ತಾರು ಪಾವತಿಸತಕ್ಕದ್ದು.
ಭಾನುವಾರದ ಸಂತೆಯಲ್ಲಿ ಕೂತೆ,
ಒಣಸಿಗಡಿ ಅಳೆದಳೆದು ಕೊಟ್ಟೆ, ಕಟ್ಟಿದೆ.

ಪುಟ ಹನ್ನೆರಡು: ಚರ್ಚಿಸಿ.
ಪುಟ ಹದಿಮೂರು: ಚರ್ಚಿಸಲಾಗಿದೆ, ಮಂಡಿಸಿ.
ಪುಟ ಇಪ್ಪತ್ತು: ಮಂಡಿಸಿದೆ, ಚರ್ಚಿಸಿ.
ನಡುವೆ ಒಂದು ಮಳೆಗಾಲ, ಒಂದು ಚುನಾವಣೆ,
ನನ್ನ ಮಗಳ ಎಸ್ಸೆಸ್ಸೆಲ್ಸಿ.
ಪುಟ ಮೂವತ್ತನಾಲ್ಕು: ಅರ್ಜಿದಾರರು ಗೈರು.
ಆ ದಿನ ನಾನು ಬಾಗಿಲ ಹೊರಗಿನ ಬೆಂಚಿನಲ್ಲಿದ್ದೆ;
ಜವಾನ ನೀರು ಕೊಟ್ಟಿದ್ದ, ಲೋಟ ನೆನಪಿದೆ.

ಪುಟ ಅರವತ್ತೊಂದು.
ಫ್ಯಾಕ್ಟರಿಯ ಕೂಲಿ ಪುಸ್ತಕದ ನಕಲು.
ಏಳನೇ ಸಾಲಿನಲ್ಲಿ ನನ್ನ ಹೆಸರು,
ಅದರ ಮುಂದೆ ನನ್ನ ಸಹಿ.
ಎಷ್ಟು ಚಂದ ತಿರುಗಿಸುತ್ತಿತ್ತು ಶಕಾರದ ಬಾಲವನ್ನು!
ಒಂಬತ್ತು ವರ್ಷದ ಮೇಲೆ ನನ್ನ ಬಲಗೈಯನ್ನು ನೋಡಿದೆ,
ಎರಡು ರೂಪಾಯಿಗೆ.

ಪುಟ ಅರವತ್ತೆರಡು, ಹಸಿರು ಶಾಯಿ:
‘ಕೂಲಿ ಪುಸ್ತಕದ ಸಹಿಗೂ
ಪರಿಹಾರ ಅರ್ಜಿಯ ಸಹಿಗೂ ತಾಳೆಯಾಗುತ್ತಿಲ್ಲ.
ಅರ್ಜಿದಾರರ ಗುರುತು ಸಂಶಯಾಸ್ಪದ.
ಖಚಿತಪಡಿಸಿಕೊಂಡು ಮಂಡಿಸಿ.’
ಆಮೇಲೆ ನಾಲ್ಕು ವರ್ಷ ಯಾರೂ ಏನೂ ಬರೆದಿಲ್ಲ.

ಮಾಮ ಓದಿದರು. ಟೈಪ್‌ರೈಟರಿನ ಮೇಲೆ
ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತರು.
ಈ ಸಲ ನಾನೊಬ್ಬಳೇ ನಕ್ಕೆ,
ಪಕ್ಕದ ಜೆರಾಕ್ಸಿನ ಹುಡುಗ ತಿರುಗಿ ನೋಡುವಷ್ಟು.

ತೀರಿಕೊಂಡವರ ಪ್ರಶ್ನೆಗೆ ಒಂದೇ ಸಾಲು:
ಅಂಥ ಮಾಹಿತಿಯನ್ನು ಕ್ರೋಡೀಕರಿಸಿರುವುದಿಲ್ಲ.
ನನಗೆ ಎಡಗೈಯ ಬೆರಳೇ ಸಾಕು.
ಕ್ವಾರಿಯಲ್ಲಿ ಬೆನ್ನು ಮುರಿದ ಪಾಂಡುರಂಗ ಗುನಗ.
ವಿಂಚಿಗೆ ಭುಜ ಕೊಟ್ಟ ಮಾಜಾಳಿಯ ಉಮಾಕಾಂತ.
ಟೋಪಿ ತೆಗೆಯದೆ ಕೂರುತ್ತಿದ್ದ ಮುದುಕ,
ಹೆಸರು ಕೇಳಲೇ ಇಲ್ಲ ನಾನು.
ಅದೇ ಬೆಂಚು. ತುದಿಯಿಂದ ತುದಿಗೆ ಸರಿಯುತ್ತ
ಈಗ ಬಾಗಿಲಿಗೆ ಹತ್ತಿರದವಳು ನಾನೇ.

‘ಮೇಲ್ಮನವಿಗೆ ಮೂವತ್ತು ದಿನ’ ಎಂದರು ಮಾಮ,
ಹಾಳೆ ಸಿಕ್ಕಿಸುತ್ತ, ಗಂಟಲು ಸರಿಮಾಡುತ್ತ.
‘ಅದಕ್ಕೆ ಪದಗಳ ಲೆಕ್ಕವಿಲ್ಲ.’

ಚೀಲದ ತಳದಿಂದ ಹಳೆಯ ಕರಡು ತೆಗೆದೆ;
ಮಡಿಕೆಯಲ್ಲಿ ಸಿಗಡಿಯ ವಾಸನೆ.
ಹೇಳು ಎಂದರು.
ಮುಚ್ಚಳವಿರಲಿಲ್ಲ, ಎಂದೆ.